ನಿಂತ ಪದರ, ಮಲಗಿದ ಪದರ: ಬಾಗಲಕೋಟೆಯ ಗುಡ್ಡದ ಕಲ್ಲು ಎಷ್ಟು ಬೆಂದಿದೆ?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ನಮ್ಮ ಊರು ಲೋಕಾಪುರ ಮತ್ತು ಬಾಗಲಕೋಟೆಯ ನಡುವೆ ಇದೆ. ಊರ ಹಿಂದಿನ ಗುಡ್ಡದಲ್ಲಿ ಬಿಳಿ ಮತ್ತು ಗುಲಾಬಿ ಬಣ್ಣದ, ಸುತ್ತಿಗೆಗೂ ಜಗ್ಗದ ಕಲ್ಲಿನ ಪದರಗಳು ಗೋಡೆಯಂತೆ ನೆಟ್ಟಗೆ ನಿಂತಿವೆ. ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋದಾಗ ನೋಡಿದರೆ ಅಲ್ಲಿನ ಕೆಂಪು ಕಲ್ಲಿನ ಪದರಗಳು ಮಟ್ಟಸವಾಗಿ ಮಲಗಿದ್ದವು. ಎರಡನ್ನೂ ಮರಳುಗಲ್ಲು ಎನ್ನುತ್ತಾರೆ. ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯಲ್ಲಿ ಒಂದೇ ಕಲ್ಲು ಇಷ್ಟು ಬೇರೆಯಾಗುವುದು ಹೇಗೆ? ನಮ್ಮ ಗುಡ್ಡದ ಕಲ್ಲು ಭೂಮಿಯ ಒಳಗಿನ ಶಾಖದಲ್ಲಿ ಬೆಂದು ರೂಪಾಂತರಗೊಂಡದ್ದೇ? ಹಾಗಾದರೆ ಇಲ್ಲಿ ಹಿಂದೆ ಹಿಮಾಲಯದಂಥ ಪರ್ವತ ಇತ್ತೇ? ಹುನಗುಂದದ ನಮ್ಮ ಸಂಬಂಧಿಕರೊಬ್ಬರು ತಮ್ಮ ಕಡೆಯ ಕಲ್ಲು ಇವೆರಡಕ್ಕಿಂತಲೂ ಹಳೆಯದು ಎಂದು ವಾದಿಸುತ್ತಾರೆ. ವಿಜಯಪುರದ ಕಡೆಯ ಲಾವಾ ನಮ್ಮ ಕಲ್ಲನ್ನು ಸುಟ್ಟಿರಬಹುದೇ?

ಉತ್ತರ: ಗುರುಗಳೇ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಗುಡ್ಡದ ಕಲ್ಲು ಮತ್ತು ಬಾದಾಮಿಯ ಕಲ್ಲು ಒಂದೇ ಅಲ್ಲ. ನಿಮ್ಮದು ಹಳೆಯದು. ಅದು ಪದರಗಟ್ಟಿ, ಗಟ್ಟಿಯಾಗಿ, ಮಡಚಿಕೊಂಡು, ನೆಟ್ಟಗಾಗಿ, ಮಳೆ ಗಾಳಿಗೆ ಸವೆದು ಸಪಾಟಾದ ಮೇಲೆ ಬಾದಾಮಿಯ ಮರಳು ಬಂದು ಬಿದ್ದಿತು. ನಿಮ್ಮ ಕಲ್ಲು ಬೆಂದಿರುವುದು ಬಹಳ ಕಡಿಮೆ. ನಿಜವಾಗಿ ಬೆಂದ ಕಣಶಿಲೆ (ಮರಳು, ಕೆಸರು ಪದರವಾಗಿ ಕೂಡಿ ಆದ ಕಲ್ಲು) ನೋಡಬೇಕೆಂದರೆ ಹುನಗುಂದಕ್ಕೆ ಅಥವಾ ಖಾನಾಪುರದ ಕಾಡಿಗೆ ಹೋಗಬೇಕು. ಸಂಬಂಧಿಕರ ವಾದ ಸರಿಯಾಗಿಯೇ ಇದೆ.

ಗೊಂದಲ ಹುಟ್ಟುವುದು ಎಲ್ಲಿ ಎಂದರೆ, ಕಲ್ಲು ಗಟ್ಟಿಯಾಗುವುದು, ಪದರ ಎದ್ದು ನಿಲ್ಲುವುದು, ಕಲ್ಲು ಬೇಯುವುದು ಈ ಮೂರನ್ನೂ ನಾವು ಒಂದೇ ಘಟನೆ ಎಂದು ಭಾವಿಸುತ್ತೇವೆ. ಪಠ್ಯಪುಸ್ತಕವೂ ಅದಕ್ಕೆ ಇಂಬು ಕೊಡುತ್ತದೆ. ಮರಳುಗಲ್ಲಿನ ಮುಂದೆ ಬಾಣದ ಗುರುತು ಹಾಕಿ ಕ್ವಾರ್ಟ್ಜೈಟ್, ಜೇಡಿಗಲ್ಲಿನ ಮುಂದೆ ಸ್ಲೇಟ್, ಸುಣ್ಣದ ಕಲ್ಲಿನ ಮುಂದೆ ಅಮೃತಶಿಲೆ ಎಂದು ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ; ಗಟ್ಟಿ ಇದ್ದದ್ದೆಲ್ಲ ಬೆಂದದ್ದು ಎಂದು ತೀರ್ಮಾನಿಸುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ಆ ತೀರ್ಮಾನ ಹೆಜ್ಜೆ ಹೆಜ್ಜೆಗೂ ಕೈ ಕೊಡುತ್ತದೆ.

ಹುನಗುಂದದಿಂದಲೇ ಶುರು ಮಾಡೋಣ, ಏಕೆಂದರೆ ಎಲ್ಲದರ ತಳ ಅದು. ಹುನಗುಂದದಿಂದ ಕುಷ್ಟಗಿಯತ್ತ ಚಾಚಿದ ಶಿಲಾಪಟ್ಟಿಯೊಂದಿದೆ. ಅದರಲ್ಲಿ ಹೆಚ್ಚಿನ ಭಾಗ ಹಳೆಯ ಲಾವಾ; ನಡುನಡುವೆ ಸಮುದ್ರದ ತಳದಲ್ಲಿ ಕೂಡಿದ ಕೆಸರು ಮತ್ತು ಕಬ್ಬಿಣದ ಪದರಗಳು. ವಯಸ್ಸು ಸುಮಾರು 270 ಕೋಟಿ ವರ್ಷ. ಈ ಕಲ್ಲುಗಳು ಆಳಕ್ಕೆ ಇಳಿದು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಕಂಡಿವೆ. ಲಾವಾ ಇದ್ದದ್ದು ಆಂಫಿಬೊಲೈಟ್ ಎಂಬ ಕಪ್ಪು ಹೊಳಪಿನ ಕಲ್ಲಾಗಿದೆ. ಕೆಸರು ಇದ್ದದ್ದು ಅಭ್ರಕ ಮಿನುಗುವ ಶಿಸ್ಟ್ ಆಗಿದೆ. ಹಳೆಯ ಖನಿಜ ಕರಗದೆಯೇ ಹೊಸ ಖನಿಜವಾಗಿ ಮರುಜೋಡಣೆಯಾಗುವುದಕ್ಕೆ ರೂಪಾಂತರ ಎನ್ನುವುದು. ಅಲ್ಲಿ ಮೂಲದ ಕೆಸರಿನ ಕಣ ಹುಡುಕಿದರೂ ಸಿಗುವುದಿಲ್ಲ. ಆ ಪಟ್ಟಿಯ ಸುತ್ತ ಇರುವುದು ನೈಸ್ (ಆಳದಲ್ಲಿ ಚೆನ್ನಾಗಿ ಬೆಂದ ಪಟ್ಟೆಪಟ್ಟೆಯ ಕಲ್ಲು) ಮತ್ತು ಗ್ರಾನೈಟ್. ಊರೂರಿನ ಮನೆಗಳ ನೆಲಕ್ಕೆ ಹೋಗಿರುವ ಇಳಕಲ್ಲಿನ ಕೆಂಪು ಗ್ರಾನೈಟ್ ಸುಮಾರು 250 ಕೋಟಿ ವರ್ಷದ ಹಿಂದೆ ಆಳದಲ್ಲಿ ಕರಗಿ ಮೇಲೇರಿ ತಣಿದ ಕಲ್ಲು.

ಹುನಗುಂದದ ಕಬ್ಬಿಣದ ಪಟ್ಟಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಪ್ಪು ಅಥವಾ ಕಂದು ಗೆರೆ, ಅದರ ಪಕ್ಕ ಬಿಳಿ ಅಥವಾ ಬೂದು ಗೆರೆ, ಮತ್ತೆ ಕಪ್ಪು. ಒಂದೊಂದೂ ಕೆಲವು ಮಿಲಿಮೀಟರ್‌ನಿಂದ ಒಂದೆರಡು ಸೆಂಟಿಮೀಟರ್ ದಪ್ಪ. ಕಪ್ಪಿನಲ್ಲಿ ಕಬ್ಬಿಣ, ಬಿಳಿಯಲ್ಲಿ ಸಿಲಿಕಾ, ಅಂದರೆ ಬೆಣಚಿನ (ಕ್ವಾರ್ಟ್ಜ್) ದ್ರವ್ಯ. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಆದ್ದರಿಂದ ಕಬ್ಬಿಣ ತುಕ್ಕು ಹಿಡಿಯದೆ ಸಮುದ್ರದ ನೀರಿನಲ್ಲಿ ಕರಗಿಕೊಂಡು ಓಡಾಡುತ್ತಿತ್ತು. ಎಲ್ಲಿ ಅದಕ್ಕೆ ಸ್ವಲ್ಪ ಆಮ್ಲಜನಕವೋ ಸೂಕ್ಷ್ಮಜೀವಿಗಳ ನೆರವೋ ಸಿಕ್ಕಿತೋ ಅಲ್ಲಿ ತಳಕ್ಕೆ ಕೂತಿತು. ಇಂದಿನ ಯಾವ ಸಮುದ್ರದಲ್ಲೂ ಹೀಗೆ ಕಬ್ಬಿಣ ಕೂರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಬಾದಾಮಿಯ ಕೆಂಪಿಗೆ ಬಂದಾಗ ಬೇಕಾಗುತ್ತದೆ.

ಬೆಳಗಾವಿ ಜಿಲ್ಲೆಯ ಪಶ್ಚಿಮದಲ್ಲಿ, ಖಾನಾಪುರ ಮತ್ತು ಲೋಂಡಾದ ಕಡೆ, ಹುನಗುಂದದ ಪಟ್ಟಿಯೂ ಸೇರುವ ಧಾರವಾಡ ಶಿಲಾಸಮೂಹದ ಇನ್ನೊಂದು ಕವಲು ಗೋವಾದತ್ತ ಸಾಗುತ್ತದೆ. ಅಲ್ಲಿಯೂ ಬೆಂದ ಕಣಶಿಲೆಗಳೇ, ಆದರೆ ಹುನಗುಂದದಷ್ಟು ಬೆಂದಿಲ್ಲ. ರೇಷ್ಮೆಯಂತೆ ಹೊಳೆಯುವ ಫಿಲೈಟ್ ಅಲ್ಲಿ ಹೆಚ್ಚು. ದಟ್ಟ ಕಾಡು ಮತ್ತು ಜಂಬಿಟ್ಟಿಗೆಯ ಹೊದಿಕೆಯಿಂದಾಗಿ ಕಲ್ಲು ಕಾಣುವುದು ಹಳ್ಳಗಳಲ್ಲಿ ಮತ್ತು ರೈಲುಮಾರ್ಗ ಕಡಿದ ಕಡೆ ಮಾತ್ರ.

ಈಗ ನಿಮ್ಮ ಗುಡ್ಡ. ಹುನಗುಂದದ ಶಿಸ್ಟ್, ಇಳಕಲ್ಲಿನ ಗ್ರಾನೈಟ್ ಎಲ್ಲ ತಣಿದು, ಮೇಲಿನ ಕಿಲೋಮೀಟರುಗಟ್ಟಲೆ ಹೊದಿಕೆ ಸವೆದು, ಆಳದಲ್ಲಿದ್ದ ಕಲ್ಲೇ ನೆಲದ ಮೇಲ್ಮೈಯಾಯಿತು. ಆ ನೆಲ ನಿಧಾನವಾಗಿ ತಗ್ಗಿತು. ತಗ್ಗಿಗೆ ಮೊದಲು ನದಿಗಳು ಹರಳು (ಉರುಟಾದ ಸಣ್ಣ ಕಲ್ಲು) ಮತ್ತು ಮರಳು ತಂದು ಸುರಿದವು. ಆಮೇಲೆ ಆಳವಿಲ್ಲದ ಸಮುದ್ರ ಒಳಗೆ ಬಂದು ಕೆಸರು ಮತ್ತು ಸುಣ್ಣ ಕೂಡಿಸಿತು. ಇದೇ ಕಲಾದಗಿ ಬೇಸಿನ್. ಇಂದು ಚಿಕ್ಕು ಮತ್ತು ದಾಳಿಂಬೆಗೆ ಹೆಸರಾದ ಕಲಾದಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ಬಗ್ಗೆ 1876ರಲ್ಲಿ ವಿಸ್ತಾರವಾದ ವರದಿ ಪ್ರಕಟಿಸಿದರು. ಅಂದಿನಿಂದ ಆ ಊರಿನ ಹೆಸರು ಭೂವಿಜ್ಞಾನದಲ್ಲಿ ಉಳಿದುಕೊಂಡಿದೆ. ನಂತರದವರು ಇದನ್ನು ಎರಡು ಗುಂಪಾಗಿ ಬಿಡಿಸಿದರು: ಕೆಳಗಿನ, ಓರೆಯಾದ, ದಪ್ಪನೆಯ ಬಾಗಲಕೋಟೆ ಗುಂಪು, ಅದರ ಮೇಲೆ ಮಟ್ಟಸವಾಗಿ ಮಲಗಿದ, ತೆಳುವಾದ ಬಾದಾಮಿ ಗುಂಪು. ನಿಮ್ಮ ಪ್ರಶ್ನೆಯ ಎರಡು ಕಲ್ಲುಗಳು ಈ ಎರಡು ಗುಂಪಿಗೆ ಸೇರಿದವು.

ಬಾಗಲಕೋಟೆ ಗುಂಪಿನ ಅಡಿಯಲ್ಲಿ ಸಾಲಗುಂದಿ ಹೆಸರಿನ ಒಂದು ಹರಳುಗಲ್ಲಿನ ಪದರವಿದೆ. ಉರುಟಾದ ಬೆಣಚು, ಕೆಂಪು ಜಾಸ್ಪರ್, ಗೆರೆಗೆರೆಯ ಕಬ್ಬಿಣಗಲ್ಲು ಎಲ್ಲವೂ ಮರಳಿನಲ್ಲಿ ಹೂತು ಗಟ್ಟಿಯಾಗಿವೆ. ಸಂಬಂಧಿಕರ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಿಮ್ಮ ಕಲ್ಲಿನ ಹೊಟ್ಟೆಯಲ್ಲೇ ಹುನಗುಂದದಂಥ ಕಲ್ಲಿನ ಚೂರುಗಳಿವೆ. ಆ ಕಬ್ಬಿಣಗಲ್ಲು ಆಗಲೇ ಬೆಂದು, ಮಡಚಿ, ಮೇಲೆ ಬಂದು, ಒಡೆದು, ನದಿಯಲ್ಲಿ ಉರುಳಿ ನುಣುಪಾಗಿತ್ತು. ಆಮೇಲಷ್ಟೇ ಕಲಾದಗಿಯ ಕಥೆ ಶುರುವಾಯಿತು.

ಇದರ ಮೇಲಿನ ಬಿಳಿ–ಗುಲಾಬಿ ಕಲ್ಲೇ ನಿಮ್ಮ ತಲೆನೋವು. ಇದನ್ನು ಸವದತ್ತಿ ಕ್ವಾರ್ಟ್ಜೈಟ್ ಎಂಬ ಹೆಸರಿನಿಂದ ಕರೆಯುತ್ತಾರೆ. ಇದೇ ಬಗೆಯ ಪದರಗಳು ಗುಂಪಿನಲ್ಲಿ ಇನ್ನೂ ಮೇಲೆಯೂ ಬರುತ್ತವೆ. ಮಲಪ್ರಭೆ ನವಿಲುತೀರ್ಥದಲ್ಲಿ ಸೀಳಿಕೊಂಡು ಹೋಗಿರುವುದು ಇಂಥದ್ದೇ ಗಟ್ಟಿ ಏಣನ್ನು. ಅಷ್ಟು ಇಕ್ಕಟ್ಟಾದ ಕಂಡಿ, ಎರಡೂ ಬದಿಗೆ ಜಗ್ಗದ ಕಲ್ಲು ಸಿಕ್ಕಿದ್ದರಿಂದಲೇ ರೇಣುಕಾಸಾಗರದ ಅಣೆಕಟ್ಟೆ ಅಲ್ಲಿ ಎದ್ದಿತು.

ಈ ಕಲ್ಲಿನ ಒಂದು ಹೊಸ ಚೆಕ್ಕೆ ಎಬ್ಬಿಸಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ನೋಡಿ. ಒಡೆದ ಮೈ ಗಾಜಿನಂತೆ ಮಿರುಗುತ್ತದೆ. ಬಿರುಕು ಮರಳಿನ ಕಣಗಳ ಸುತ್ತ ಹಾಯದೆ ಕಣಗಳನ್ನೇ ಕತ್ತರಿಸಿ ಹೋಗಿರುತ್ತದೆ. ಕಣಕ್ಕೂ ಕಣದ ನಡುವಿನ ಅಂಟಿಗೂ ಬಲದಲ್ಲಿ ವ್ಯತ್ಯಾಸ ಉಳಿದಿಲ್ಲ ಎಂಬುದೇ ಇದರ ಅರ್ಥ. ಇಷ್ಟಕ್ಕೆ ನಿಲ್ಲಿಸಿದರೆ ‘ಬೆಂದಿದೆ’ ಎನ್ನಿಸುತ್ತದೆ. ಆದರೆ ಅದೇ ಚೆಕ್ಕೆಯನ್ನು ಕಾಗದಕ್ಕಿಂತ ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೇರೆ ಸಂಗತಿ ಕಾಣುತ್ತದೆ. ಪ್ರತಿ ಕಣದ ಒಳಗೆ ನಸುಮಬ್ಬಿನ ಒಂದು ದುಂಡು ಗೆರೆ. ಅದು ಆ ಮರಳಿನ ಕಣ ನದಿಯಲ್ಲೋ ಸಮುದ್ರದಂಡೆಯಲ್ಲೋ ಇದ್ದಾಗ ಅದರ ಮೈಗೆ ಅಂಟಿದ್ದ ಧೂಳು. ಗೆರೆಯ ಹೊರಗೆ ಇರುವುದು ಆಮೇಲೆ ಬೆಳೆದ ಸಿಲಿಕಾ. ನೆಲದಡಿಯ ನೀರು ಸಿಲಿಕಾವನ್ನು ಹೊತ್ತು ಕಣಗಳ ಸಂದಿಯಲ್ಲಿ ಹಾಯುವಾಗ ಹಳೆಯ ಕಣದ ಜೋಡಣೆಯನ್ನೇ ಮುಂದುವರಿಸಿ ಹೊಸ ಬೆಣಚು ಬೆಳೆಯುತ್ತದೆ. ಸಂದಿ ಮುಚ್ಚಿದ ಮೇಲೆ ಇಡೀ ಬಂಡೆ ಒಂದೇ ಬೆಣಚಿನ ಗಡ್ಡೆಯಂತಾಗುತ್ತದೆ. ಇದಕ್ಕೆ ನೂರು, ನೂರೈವತ್ತು ಡಿಗ್ರಿ ಸಾಕು. ನಿಜವಾಗಿ ಬೆಂದ ಕ್ವಾರ್ಟ್ಜೈಟಿನಲ್ಲಿ ಧೂಳಿನ ದುಂಡು ಗೆರೆ ಅಳಿಸಿಹೋಗಿರುತ್ತದೆ; ಕಣಗಳು ಹೊಸದಾಗಿ ಹರಳುಗಟ್ಟಿ ಹಲ್ಲುಹಲ್ಲಾಗಿ ಕಚ್ಚಿಕೊಂಡಿರುತ್ತವೆ.

ಲೆಕ್ಕ ಹಾಕಿದರೂ ಇದೇ ಉತ್ತರ ಬರುತ್ತದೆ. ಬಾಗಲಕೋಟೆ ಗುಂಪಿನ ಒಟ್ಟು ದಪ್ಪವನ್ನು ಸುಮಾರು 4 ಕಿಲೋಮೀಟರ್ ಎಂದು ಹಿಡಿಯೋಣ. ಭೂಮಿಯೊಳಗೆ ಇಳಿದಂತೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಮೇಲ್ಮೈಯ ಶಾಖವನ್ನೂ ಸೇರಿಸಿ ತೀರ ಅಡಿಯ ಪದರಕ್ಕೆ 130–150 ಡಿಗ್ರಿ ಸಿಕ್ಕಿರಬೇಕು. ಮಡಚಿದ ಕಡೆ ಸ್ವಲ್ಪ ಹೆಚ್ಚು ಎನ್ನಿ. ಹುನಗುಂದದ 500 ಡಿಗ್ರಿಯ ಪಕ್ಕ ಇದನ್ನು ಇಟ್ಟು ನೋಡಿದರೆ ಎರಡೂ ಬೇರೆ ಬೇರೆ ಲೋಕ.

ಒಂದು ಉಪಕಥೆ ಹೇಳಿ ಮುಂದೆ ಹೋಗುತ್ತೇನೆ. ಕಣವನ್ನೇ ಕತ್ತರಿಸಿಕೊಂಡು ಒಡೆಯುವ ಈ ಗುಣವನ್ನು ಭೂವಿಜ್ಞಾನಿಗಳಿಗಿಂತ ಲಕ್ಷಾಂತರ ವರ್ಷ ಮೊದಲೇ ಬೇರೆಯವರು ಕಂಡುಕೊಂಡಿದ್ದರು. ಘಟಪ್ರಭಾ ದಂಡೆಯ ಅನಗವಾಡಿಯಲ್ಲಿ, ಮಲಪ್ರಭೆಯ ಕಣಿವೆಯಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ, ಬಹುಪಾಲು ಇದೇ ಕ್ವಾರ್ಟ್ಜೈಟಿನವು. ಏಟು ಹಾಕಿದ ಕಡೆ ಬಾಗಿದ ಚೆಕ್ಕೆ ಎದ್ದು ಚೂಪಾದ ಅಂಚು ಉಳಿಯುವ ಕಲ್ಲು ಅವರಿಗೆ ಬೇಕಿತ್ತು. ಬಾದಾಮಿಯ ಮೆತ್ತನೆಯ ಕಲ್ಲಿಗೆ ಆ ಗುಣವಿಲ್ಲ. ಚಾಲುಕ್ಯರ ಕಲ್ಲುಕುಟಿಗರಿಗೆ ಬೇಕಾದದ್ದು ಇದರ ತದ್ವಿರುದ್ಧ: ಉಳಿಗೆ ಕಣಕಣವಾಗಿ ಉದುರುವ ಕಲ್ಲು. ಅವರು ಮೇಣಬಸದಿ ಕೊರೆಯಲು ಬಾದಾಮಿಯ ಗುಡ್ಡ ಆರಿಸಿದರು. ನಿಮ್ಮ ಗುಡ್ಡದ ಕಲ್ಲಿನಲ್ಲಿ ಮಂಗಳೇಶ ಮೂರನೆಯ ಗುಹೆ ಕೊರೆಸಲು ಹೊರಟಿದ್ದರೆ ಕ್ರಿ.ಶ. 578ರ ಆ ಶಾಸನ ಬರೆಸುವ ದಿನ ಅಷ್ಟು ಬೇಗ ಬರುತ್ತಿರಲಿಲ್ಲ.

ಹಾಗಾದರೆ ಬಾಗಲಕೋಟೆ ಗುಂಪಿನಲ್ಲಿ ರೂಪಾಂತರವೇ ಇಲ್ಲವೇ? ಇದೆ, ಆದರೆ ಅದನ್ನು ಗಟ್ಟಿ ಕಲ್ಲಿನಲ್ಲಿ ಹುಡುಕಬಾರದು. ಬೆಣಚಿಗೆ ಬೆಣಚಲ್ಲದೆ ಬೇರೇನೂ ಆಗಲು ಬರುವುದಿಲ್ಲ, ಶಾಖದ ಸುದ್ದಿಯನ್ನು ಅದು ಬಾಯಿಬಿಡುವುದಿಲ್ಲ. ಜೇಡಿ ಹಾಗಲ್ಲ. ಸ್ವಲ್ಪ ಒತ್ತಡ, ಸ್ವಲ್ಪ ಶಾಖ ಸಿಕ್ಕಿದರೂ ಅದರೊಳಗೆ ಸೂಕ್ಷ್ಮ ಅಭ್ರಕ ಹುಟ್ಟಿ ಒತ್ತಡಕ್ಕೆ ಅಡ್ಡಲಾಗಿ ಸಾಲುಗಟ್ಟುತ್ತದೆ. ಆಗ ಕಲ್ಲು ಆ ಸಾಲಿನ ಗುಂಟ ಹಾಳೆಹಾಳೆಯಾಗಿ ಸೀಳುತ್ತದೆ. ಗಟ್ಟಿ ಏಣುಗಳ ನಡುವಿನ ತಗ್ಗಿನಲ್ಲಿ, ಹೊಲದ ಬದಿಯ ಹಳ್ಳದಲ್ಲಿ, ಬೂದು ಅಥವಾ ನೇರಳೆ ಬಣ್ಣದ ಇಂಥ ಕಲ್ಲು ನಿಮಗೆ ಸಿಕ್ಕೀತು. ಒಂದು ತುಂಡನ್ನು ಎತ್ತಿಕೊಂಡು ಅದು ಸೀಳಿದ ಮೈಯನ್ನೂ ಬಣ್ಣದ ಪಟ್ಟೆಗಳನ್ನೂ ಒಟ್ಟಿಗೆ ನೋಡಿ. ಪಟ್ಟೆ ಎಂದರೆ ಕೆಸರು ಕೂತ ಪದರ. ಪಟ್ಟೆಗಳು ಸೀಳಿದ ಮೈಯನ್ನು ಓರೆಯಾಗಿ ಹಾಯುತ್ತಿದ್ದರೆ ಅದು ಸ್ಲೇಟ್. ಕಲ್ಲು ತಾನು ಕೂತ ಪದರವನ್ನು ಬಿಟ್ಟು ಹೊಸ ದಿಕ್ಕಿನಲ್ಲಿ ಸೀಳಲು ಕಲಿತಿದೆ. ಪಟ್ಟೆಯೂ ಸೀಳೂ ಒಂದೇ ದಿಕ್ಕಿನಲ್ಲಿದ್ದರೆ ಅದು ಬರೀ ಜೇಡಿಗಲ್ಲು (ಶೇಲ್) ಇರಬಹುದು. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ರೂಪಾಂತರ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ, ಆದರೂ ಮಕ್ಕಳನ್ನು ಎಲ್ಲರೂ ಗಟ್ಟಿ ಕಲ್ಲಿನ ಗುಡ್ಡಕ್ಕೇ ಹತ್ತಿಸುತ್ತಾರೆ.

ಸುಣ್ಣದ ಕಲ್ಲಿಗೂ ಇದೇ ಮಾತು. ಲೋಕಾಪುರ, ಮುದ್ದಾಪುರದ ಸುತ್ತಲಿನ ಸುಣ್ಣದ ಕಲ್ಲು ಸಿಮೆಂಟಿಗೆ ಹೋಗುತ್ತದೆ; ಬಣ್ಣ ಚೆನ್ನಾಗಿರುವುದಕ್ಕೆ ಪಾಲಿಶ್ ಹಾಕಿ ಮಾರುತ್ತಾರೆ, ವ್ಯಾಪಾರಿಗಳು ಮಾರ್ಬಲ್ ಎಂದೂ ಕರೆದಾರು. ಬೆಂದ ಅಮೃತಶಿಲೆ ಒಡೆದರೆ ಸಕ್ಕರೆಯ ಹರಳಿನಂತೆ ಮಿನುಗಬೇಕು. ಇಲ್ಲಿನದು ಒಡೆದರೆ ಮಂಕಾಗಿ, ನುಣುಪಾಗಿರುತ್ತದೆ, ಕಣ ಕಣ್ಣಿಗೆ ಕಾಣುವುದಿಲ್ಲ. ಅದರ ಜೊತೆಗಿನ ಡಾಲೊಮೈಟಿನಲ್ಲಿ (ಮೆಗ್ನೀಸಿಯಂ ಸೇರಿದ ಸುಣ್ಣದ ಕಲ್ಲಿನಲ್ಲಿ) ಕೆಲವೆಡೆ ಒಂದರ ಮೇಲೊಂದು ಕವುಚಿದ ಗುಮ್ಮಟದಂಥ ಗೆರೆಗಳು ಸಿಗುತ್ತವೆ. ಅವು ಸ್ಟ್ರೊಮ್ಯಾಟೊಲೈಟ್, ಎಂದರೆ ಆಳವಿಲ್ಲದ ನೀರಿನಲ್ಲಿ ಬೆಳಕಿಗಾಗಿ ಮೇಲೆ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ಹಾಸು ಬಿಟ್ಟುಹೋದ ಗುರುತು. ಗಿಡವಿಲ್ಲ, ಮೀನಿಲ್ಲ, ಹುಳುವಿಲ್ಲ. ಆ ಸಮುದ್ರದಲ್ಲಿ ಕಣ್ಣಿಗೆ ಕಾಣುವಂಥ ಜೀವವೆಂದರೆ ಈ ಹಾಸುಗಳೇ. ಕಲ್ಲು ಹುನಗುಂದದಂತೆ ಬೆಂದಿದ್ದರೆ ಇಷ್ಟು ನವಿರಾದ ಗೆರೆ ಉಳಿಯುತ್ತಿರಲಿಲ್ಲ.

ಇನ್ನು ಪದರ ನೆಟ್ಟಗೆ ನಿಂತ ವಿಚಾರ. ಬಾಗಲಕೋಟೆ ಗುಂಪಿನ ಮಡಿಕೆಗಳ ಬೆನ್ನು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಹರಿದಿದೆ. ಲೋಕಾಪುರದಿಂದ ಬಾಗಲಕೋಟೆಯವರೆಗಿನ ನಡುಪಟ್ಟಿಯಲ್ಲಿ ಮಡಿಕೆ ಬಿಗಿಯಾಗಿದೆ, ನೀವು ಕಂಡ ಗೋಡೆಗಳು ಆ ಮಡಿಕೆಗಳ ಪಕ್ಕೆಗಳು. ದಕ್ಷಿಣದ ಅಂಚಿಗೆ, ಸವದತ್ತಿಯ ಕಡೆ ಹೋದರೆ ಓರೆ ಬಹುಮಟ್ಟಿಗೆ ಸೌಮ್ಯವಾಗುತ್ತದೆ. ಎಲ್ಲ ಪದರಗಳೂ ಮೊದಲು ಮಟ್ಟಸವಾಗಿಯೇ ಕೂತವು. ಅದಕ್ಕೆ ಸಾಕ್ಷಿ ಅದೇ ಗೋಡೆಯ ಮೇಲಿದೆ: ನೀರಿನ ಅಲೆ ಮರಳಿನಲ್ಲಿ ಮೂಡಿಸಿದ ಏರಿಳಿತದ ಗೆರೆಗಳು. ನೆಟ್ಟಗಿನ ಗೋಡೆಯ ಮೇಲೆ ಅಲೆ ಆಡಲಾರದು.

ಯಾವ ಬದಿ ಮೊದಲು ಮೇಲಿತ್ತು ಎಂಬುದನ್ನೂ ಮಕ್ಕಳೇ ಕಂಡುಹಿಡಿಯಬಹುದು. ಪದರದ ಒಳಗೆ ಓರೆಯಾದ ಸಣ್ಣ ಗೆರೆಗಳ ಗುಂಪು ಹುಡುಕಿ. ಹರಿಯುವ ನೀರು ಮರಳನ್ನು ಮುಂದೆ ಮುಂದೆ ಚೆಲ್ಲುತ್ತ ಹೋದಾಗ ಆದ ಗೆರೆಗಳವು. ಗೆರೆಗಳು ಒಂದು ತುದಿಯಲ್ಲಿ ಬಾಗಿ ಮೆಲ್ಲಗೆ ಪದರದ ಅಂಚಿಗೆ ಸೇರುತ್ತವೆ. ಇನ್ನೊಂದು ತುದಿಯಲ್ಲಿ ಕತ್ತಿಯಿಂದ ಕೊಯ್ದಂತೆ ತಟ್ಟನೆ ನಿಲ್ಲುತ್ತವೆ. ಮೆಲ್ಲಗೆ ಸೇರುವ ಕಡೆ ತಳ, ಕೊಯ್ದ ಕಡೆ ಮೇಲ್ಭಾಗ, ಏಕೆಂದರೆ ಮುಂದಿನ ಪ್ರವಾಹ ಬಂದು ಹಳೆಯ ಮರಳಿನ ತಲೆ ಸವೆಸಿದೆ. ಗುಡ್ಡದ ಉದ್ದಕ್ಕೂ ಹೀಗೆ ಗುರುತು ಹಾಕುತ್ತ ಹೋದರೆ ಕೆಲವೆಡೆ ತಲೆ ಉತ್ತರಕ್ಕೆ, ಕೆಲವೆಡೆ ದಕ್ಷಿಣಕ್ಕೆ ಬರುವುದು ಕಾಣಬಹುದು. ಎರಡರ ನಡುವೆ ಎಲ್ಲೋ ಮಡಿಕೆ ತಿರುಗಿದೆ.

ಮಡಚಿದ್ದು ಯಾರು? ಎರಡು ವಿವರಣೆಗಳಿವೆ. ಹಳೆಯದು, ಉತ್ತರ–ದಕ್ಷಿಣದಿಂದ ಭೂಫಲಕವೇ ಒತ್ತಿತು, ಇಡೀ ನೆಲ ಕುಗ್ಗಿತು ಎಂಬುದು. ಇತ್ತೀಚೆಗೆ ಬೇಸಿನ್ನಿನ ಅಂಚುಗಳಲ್ಲಿ ತಳದ ನೈಸನ್ನೂ ಮೇಲಿನ ಪದರಗಳನ್ನೂ ಅಕ್ಕಪಕ್ಕ ಅಳೆದು ನೋಡಿದ ಸಂಶೋಧಕರು ಬೇರೆ ಮಾತು ಹೇಳಿದ್ದಾರೆ. ಮೇಲಿನ ಪದರಗಳು ಮಡಚಿದ ಹಾಗೆ ತಳದ ನೈಸ್ ಮಡಚಿಲ್ಲ. ಎರಡರ ನಡುವಿನ ಗಡಿ ಜಾರಿದ ಗಡಿಯಂತಿದೆ. ಹಾಗಾಗಿ ಮೇಲಿನ ಹೊದಿಕೆ ತನ್ನ ಭಾರಕ್ಕೆ ತಾನೇ ತಳದಿಂದ ಬಿಡಿಸಿಕೊಂಡು ಇಳಿಜಾರಿನಲ್ಲಿ ಸರಿದು ಮಡಿಕೆ ಬಿದ್ದಿದೆ ಎಂದು ಅವರ ವಾದ. ಕಾಯಿಸಿದ ಹಾಲಿನ ಪಾತ್ರೆಯನ್ನು ಓರೆ ಮಾಡಿದರೆ ಕೆನೆ ಒಂದು ಬದಿಗೆ ಸರಿದು ಸುಕ್ಕುಗಟ್ಟುತ್ತದೆ, ಪಾತ್ರೆಗೆ ಏನೂ ಆಗುವುದಿಲ್ಲ; ಹಾಗೆ.

ನನಗೆ ಈ ಎರಡನೆಯ ವಿವರಣೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕಾರಣ ನಿಮ್ಮ ಹಿಮಾಲಯದ ಪ್ರಶ್ನೆಯಲ್ಲೇ ಇದೆ. ಎರಡು ಖಂಡಗಳು ಡಿಕ್ಕಿ ಹೊಡೆದ ಕಡೆ ಭೂತೊಗಟೆ ಇಮ್ಮಡಿಯಾಗುತ್ತದೆ. ಹಿಮಾಲಯ ಮತ್ತು ಟಿಬೆಟಿನಡಿ ಅದು 70 ಕಿಲೋಮೀಟರ್ ದಪ್ಪವಿದೆ. ಅಷ್ಟು ದಪ್ಪದ ಅಡಿಗೆ ಸಿಕ್ಕ ಕಣಶಿಲೆ ಬೇಯದೆ ಇರುವುದಿಲ್ಲ. ಅದರಲ್ಲಿ ಗಾರ್ನೆಟ್, ಕಯನೈಟ್‌ನಂಥ ಹೊಸ ಖನಿಜ ಹುಟ್ಟುತ್ತದೆ, ಕೆಲವು ಕಡೆ ಕರಗಿ ಗ್ರಾನೈಟ್ ಆಗಿ ಮೇಲೆ ನುಗ್ಗುತ್ತದೆ. ನುಚ್ಚುನೂರಾದ ಸಮುದ್ರತಳದ ತುಣುಕುಗಳು ಗಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಕಲಾದಗಿಯಲ್ಲಿ ಗಾರ್ನೆಟ್ ಇಲ್ಲ, ಪದರಗಳನ್ನು ಕರಗಿಸಿದ ಗ್ರಾನೈಟ್ ಇಲ್ಲ, ಸಮುದ್ರತಳದ ತುಣುಕಿಲ್ಲ. ಮಡಿಕೆ ಬಿಗಿ, ಶಾಖ ಕಡಿಮೆ. ಇದು ಮೇಲ್ಮೈಗೆ ಹತ್ತಿರದಲ್ಲೇ ನಡೆದ ಸರಿದಾಟದ ಲಕ್ಷಣ. ಭೂಫಲಕದ ಒತ್ತಡ ಏನೇನೂ ಇರಲಿಲ್ಲ ಎಂದು ಹೇಳಲು ಇಷ್ಟು ಸಾಲದು. ನೆಲ ಓರೆಯಾಗಲು ಏನಾದರೂ ಕಾರಣ ಬೇಕಲ್ಲ. ಆದರೆ ಹಿಮಾಲಯದಂಥ ಪರ್ವತ ಇಲ್ಲಿರಲಿಲ್ಲ ಎಂದು ಧೈರ್ಯವಾಗಿ ಹೇಳಿ. ಅಂಥದ್ದೇನಾದರೂ ಈ ಸೀಮೆಯಲ್ಲಿ ಇದ್ದಿದ್ದರೆ ಅದು ಹುನಗುಂದದ ಕಲ್ಲು ಬೆಂದ ಕಾಲದಲ್ಲಿ, ಕಲಾದಗಿಗೂ ಹತ್ತಾರು ಕೋಟಿ ವರ್ಷ ಮೊದಲು.

ಕಾಲದ ಲೆಕ್ಕಕ್ಕೆ ಬರೋಣ. ಮರಳುಗಲ್ಲಿನ ವಯಸ್ಸು ನೇರವಾಗಿ ಅಳೆಯುವುದು ಕಷ್ಟ, ಏಕೆಂದರೆ ಅದರ ಕಣಗಳೆಲ್ಲ ಬೇರೆ ಹಳೆಯ ಕಲ್ಲಿನಿಂದ ಬಂದವು. ಅದೃಷ್ಟಕ್ಕೆ ಬಾಗಲಕೋಟೆ ಗುಂಪಿನೊಳಗೆ ಮಲ್ಲಾಪುರದ ಹೆಸರಿನ ಕಪ್ಪು ಅಗ್ನಿಶಿಲೆಗಳು ನುಗ್ಗಿವೆ. ನುಗ್ಗಿದ್ದು ಕಿರಿಯದು, ನುಗ್ಗಿಸಿಕೊಂಡದ್ದು ಹಿರಿಯದು. ಆರ್ಗಾನ್ ವಿಧಾನದಲ್ಲಿ (ಕಲ್ಲಿನೊಳಗೆ ಪೊಟ್ಯಾಸಿಯಂನಿಂದ ಹುಟ್ಟಿದ ಆರ್ಗಾನ್ ಅನಿಲ ಅಳೆದು) ಈ ಕಪ್ಪು ಕಲ್ಲಿನ ವಯಸ್ಸು 115.4 ಕೋಟಿ ವರ್ಷ ಎಂದು ಬಂದಿದೆ, 40 ಲಕ್ಷ ವರ್ಷ ಆಚೀಚೆ ಇರಬಹುದು. ಈ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ತಳದ ಗ್ರಾನೈಟ್ 250 ಕೋಟಿ ವರ್ಷದ್ದು. ಕಪ್ಪು ಕಲ್ಲು ನುಗ್ಗಿದ ಪದರಗಳು ಕೂಡಿದ ಕಾಲ ಈ ಎರಡು ಗಡಿಗಳ ನಡುವೆ ಇದೆ. ಇಂಥ ಕಪ್ಪು ಕಲ್ಲು ಯಾವುದೇ ಪದರಕ್ಕೆ ತಾಗಿದ ಅಂಚಿನಲ್ಲಿ ಮಾತ್ರ ಆ ಪದರ ನಿಜವಾಗಿ ಸುಟ್ಟಿರುತ್ತದೆ, ಅದೂ ನುಗ್ಗಿದ ಕಲ್ಲಿನ ಅಗಲಕ್ಕೆ ತಕ್ಕಂತೆ ಕೆಲವು ಗೇಣೋ ಕೆಲವು ಮಾರೋ.

ಬಾಗಲಕೋಟೆ ಗುಂಪು ಮಡಚಿದ ಮೇಲೆ ದೀರ್ಘಕಾಲ ಇಲ್ಲಿ ಕೂಡಿದ್ದು ಏನೂ ಇಲ್ಲ, ಸವೆದದ್ದೇ ಎಲ್ಲ. ಗುಡ್ಡಗಳ ತಲೆ ಕತ್ತರಿಸಿ ಹೋಯಿತು. ಆ ಸಪಾಟಾದ ನೆಲದ ಮೇಲೆ ಹೊಸ ನದಿಗಳು ಹರಿದವು. ತಳದಲ್ಲಿ ಮತ್ತೊಮ್ಮೆ ಹರಳು, ಅದರ ಮೇಲೆ ಮರಳು. ಇದು ಬಾದಾಮಿ ಗುಂಪು. ಅದು ಕೆಲವೆಡೆ ನೇರವಾಗಿ ಗ್ರಾನೈಟಿನ ಮೇಲೆ, ಕೆಲವೆಡೆ ಬಾಗಲಕೋಟೆ ಗುಂಪಿನ ಓರೆ ಪದರಗಳ ತುಂಡಾದ ತಲೆಯ ಮೇಲೆ ಕೂತಿದೆ. ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ 1788ರಲ್ಲಿ ಜೇಮ್ಸ್ ಹಟನ್ ಇಂಥದ್ದೇ ಜೋಡಣೆ ಕಂಡು ಭೂಮಿಯ ವಯಸ್ಸು ಊಹೆಗೆ ಮೀರಿದ್ದು ಎಂದು ವಾದಿಸಿದ. ಜಗತ್ತಿನ ಎಲ್ಲ ಭೂವಿಜ್ಞಾನ ವಿದ್ಯಾರ್ಥಿಗಳೂ ಅದರ ಚಿತ್ರ ನೋಡಿರುತ್ತಾರೆ. ನಮ್ಮ ಜಿಲ್ಲೆಯವರಿಗೆ ನಮ್ಮಲ್ಲೇ ಇರುವುದು ಗೊತ್ತಿಲ್ಲ.

ಬಾದಾಮಿಯ ಕಲ್ಲು ಏಕೆ ಕೆಂಪು ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಮರಳಿನ ಕಣ ಕೆಂಪಲ್ಲ, ಅದರ ಮೇಲಿನ ತೆಳು ಲೇಪ ಕೆಂಪು. ಅದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಹುನಗುಂದದ ಕಾಲದಲ್ಲಿ ಕಬ್ಬಿಣ ನೀರಿನಲ್ಲಿ ಕರಗಿ ಸಮುದ್ರ ಸೇರುತ್ತಿತ್ತು ಎಂದೆನಲ್ಲ, ಸುಮಾರು 240 ಕೋಟಿ ವರ್ಷದ ಹಿಂದಿನಿಂದ ಗಾಳಿಗೆ ಆಮ್ಲಜನಕ ಸೇರತೊಡಗಿದ ಮೇಲೆ ಅದು ಸಾಧ್ಯವಾಗಲಿಲ್ಲ. ಕಬ್ಬಿಣ ನೆಲದ ಮೇಲೆಯೇ ತುಕ್ಕು ಹಿಡಿದು ಮರಳಿಗೆ ಅಂಟಿತು. ಹುನಗುಂದದ ಕಪ್ಪು ಗೆರೆ ಮತ್ತು ಬಾದಾಮಿಯ ಕೆಂಪು ಬಂಡೆ ಎರಡನ್ನೂ ಒಂದೇ ದಿನದ ಪ್ರವಾಸದಲ್ಲಿ ತೋರಿಸಿದರೆ ಗಾಳಿ ಬದಲಾದ ಕಥೆ ಅವರಿಗೆ ಅರ್ಥವಾಗುತ್ತದೆ. ಗುಹೆಗಳ ಗೋಡೆಯಲ್ಲಿ ಶಿಲ್ಪದ ಮೈಮೇಲೂ ಹಾಯ್ದಿರುವ ಓರೆ ಗೆರೆಗಳು ಕುಶಲಕರ್ಮಿಗಳದ್ದಲ್ಲ, ನದಿಯವು. ಆ ಕಲ್ಲು ಮಡಚಿಲ್ಲ, ಸ್ಲೇಟಾಗಿಲ್ಲ, ಸಂದಿಯೂ ಪೂರ್ತಿ ಮುಚ್ಚಿಲ್ಲ.

ಲಾವಾದ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. ವಿಜಯಪುರದ ಎರೆಭೂಮಿಯ ಕೆಳಗಿನ ಕಪ್ಪು ಕಲ್ಲು, ಗೋಳಗುಮ್ಮಟ ಕಟ್ಟಿದ ಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದಿನ ದಖನ್ ಲಾವಾ. ಅದು ಬರುವ ಹೊತ್ತಿಗೆ ನಿಮ್ಮ ಗುಡ್ಡ ಮಡಚಿ, ನಿಂತು, ಸವೆದು ಹತ್ತಾರು ಕೋಟಿ ವರ್ಷ ಕಳೆದಿತ್ತು. ಲಾವಾ ನೆಲದ ಮೇಲೆ ಹರಿದು ಗಾಳಿಗೆ ಮೈಯೊಡ್ಡಿ ತಣಿಯುತ್ತದೆ. ತನ್ನ ಅಡಿಯ ಕೆಲವು ಅಡಿ ಮಣ್ಣನ್ನು ಕೆಂಪಗೆ ಸುಡಬಹುದು, ಅಷ್ಟೆ. ಅದು ಹೊದೆಸಿದ ಕಡೆ ಕಲಾದಗಿ ಕಲ್ಲು ಇನ್ನೂ ಕೆಳಗಿದೆ. ಮಹಾರಾಷ್ಟ್ರದ ದಕ್ಷಿಣದಲ್ಲಿ ಲಾವಾ ಸವೆದ ಕಡೆ ಅದೇ ಮರಳುಗಲ್ಲು ಕಿಟಕಿಯಲ್ಲಿ ಕಂಡ ಹಾಗೆ ಇಣುಕುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಭೂತಗನ್ನಡಿ, ದಿಕ್ಸೂಚಿ, ಒಂದು ಸಣ್ಣ ಶೀಶೆಯಲ್ಲಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಸಾಕು. ಸುಣ್ಣದ ಕಲ್ಲಿಗೆ ಒಂದು ಹನಿ ಹಾಕಿದರೆ ಬುಸ್ಸೆಂದು ನೊರೆಯೇಳುತ್ತದೆ. ಡಾಲೊಮೈಟ್ ಸುಮ್ಮನಿರುತ್ತದೆ, ಚಾಕುವಿನಿಂದ ಕೆರೆದು ಪುಡಿ ಮಾಡಿ ಹಾಕಿದರೆ ಸಣ್ಣಗೆ ನೊರೆ ಬರುತ್ತದೆ. ಕ್ವಾರ್ಟ್ಜೈಟ್ ಯಾವುದಕ್ಕೂ ಜಗ್ಗುವುದಿಲ್ಲ. ಆಮ್ಲದ ಶೀಶೆ ನಿಮ್ಮ ಕೈಯಲ್ಲೇ ಇರಲಿ. ಸುತ್ತಿಗೆ ಏಟನ್ನೂ ನೀವೇ ಹಾಕಿ, ಮಕ್ಕಳು ದೂರ ನಿಲ್ಲಲಿ. ಕ್ವಾರ್ಟ್ಜೈಟಿನ ಚೆಕ್ಕೆ ಗಾಜಿನ ಚೂರಿನಂತೆ ಹಾರುತ್ತದೆ. ಬಾದಾಮಿ, ಐಹೊಳೆಯ ಸಂರಕ್ಷಿತ ಗುಡ್ಡಗಳಲ್ಲಿ ಸುತ್ತಿಗೆ ಚೀಲದಿಂದ ಹೊರಗೆ ಬರಬಾರದು. ಸ್ಟ್ರೊಮ್ಯಾಟೊಲೈಟ್ ಸಿಕ್ಕಿದರೆ ಒಡೆಯದೆ, ಅಳತೆಗೆ ಒಂದು ಪೆನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದು ಕಳುಹಿಸಿ, ಯಾವ ಪದರದ್ದು ಎಂದು ಹೇಳುತ್ತೇನೆ.